ಮುಂಜಾನೆಯ ಮೂರು ಗುಳಿಗಿ

ನಾನು ವಾದ ಮಾಡಲು ಕಲಿತದ್ದು ಕಾಲೇಜಿನ ಚರ್ಚಾಕೂಟದಲ್ಲಿ ಅಂತ ನನ್ನ ಗೆಳತಿಯರು ತಿಳಿದಿದ್ದಾರೆ. ಅದಕ್ಕೂ ಮುಂಚೆ ಎಆರ್‌ಟಿ ಕೇಂದ್ರದ ಬೆಂಚಿನ ಮೇಲೆ ಕಲಿತಿದ್ದೆ. ನನ್ನ ಹಾಗೆ ಹುಟ್ಟುವಾಗಲೇ ಎಚ್‌ಐವಿ ತಂದುಕೊಂಡ ಮಕ್ಕಳಿಗೆ ಅಲ್ಲಿ ತಿಂಗಳಿಗೊಮ್ಮೆ ಗುಳಿಗೆ ಕೊಡುತ್ತಾರೆ, ಜೊತೆಗೆ ಬುದ್ಧಿಯನ್ನೂ ಹೇಳುತ್ತಾರೆ. ಗುಳಿಗೆಯನ್ನು ನಾನು ತಕರಾರಿಲ್ಲದೆ ನುಂಗುತ್ತಿದ್ದೆ. ಬುದ್ಧಿ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಹದಿನೆಂಟಾದ ಮೇಲೆ ನಮ್ಮನ್ನು ದೊಡ್ಡವರ ಗುಂಪಿಗೆ ಹಾಕಿದರು. ಮೊದಲ ಸಭೆಯ ವಿಷಯ ಕುಟುಂಬ ಯೋಜನೆ. ಸಲಹೆ ಕೊಡುವ ಮೇಡಂ ಕಾಂಡೋಮ್ ತೋರಿಸಿದರು, ಕಾಪರ್-ಟಿ ತೋರಿಸಿದರು, ಇಂಜೆಕ್ಷನ್ ಬಗ್ಗೆ ಹೇಳಿದರು. ಹುಡುಗರೆಲ್ಲ ತಿರುಗುವ ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು. ನಾನು ಕೈ ಎತ್ತಿದೆ.

"ಮೇಡಂ, ಇದರಲ್ಲಿ ಯೋಜನೆ ಎಲ್ಲಿದೆ? ಬರೀ ತಡೆಯೋದೇ ಇದೆ. ಮನೆ ಕಟ್ಟೋದು ಹೇಳಿಕೊಡ್ತೀನಿ ಅಂತ ಕರೆದು ಬೀಗ ತೋರಿಸಿದ ಹಾಗಾಯ್ತು."

"ಈಗಲೇ ಮಗು ಬೇಕಾ ನಿನಗೆ?"

"ಬೇಕು ಅಂದೆನಾ? ಬೇಕಾದಾಗ ನಮ್ಮಂಥವರು ಏನು ಮಾಡಬೇಕು ಅಂತ ಕೇಳಿದೆ."

ಮೇಡಂ ಕುರ್ಚಿ ಎಳೆದುಕೊಂಡು ಕೂತು, ಹೇಳಿದರು. ಗುಳಿಗೆ ತಪ್ಪದೆ ತೆಗೆದುಕೊಂಡರೆ ರಕ್ತದಲ್ಲಿ ವೈರಸ್ ಎಷ್ಟು ಇಳಿಯುತ್ತದೆ ಅಂದರೆ ಮಷೀನಿಗೂ ಕಾಣುವುದಿಲ್ಲ. ಆಗ ಮಗುವಿಗೆ ಹೋಗುವ ಸಾಧ್ಯತೆ ತೀರಾ ಕಡಿಮೆ. ಹುಟ್ಟಿದ ಮೇಲೆ ಮಗುವಿಗೆ ಕೆಲವು ವಾರ ಸಿರಪ್ ಕೊಡುತ್ತಾರೆ. ಮೊದಲೇ ಬಂದು ಡಾಕ್ಟರ ಜೊತೆ ಮಾತಾಡಿದರೆ ಒಳ್ಳೆಯದು.

"ಇದನ್ನ ಮೊದಲೇ ಹೇಳಬಹುದಿತ್ತಲ್ಲ?"

"ಕೇಳಿದವಳು ನೀನೇ ಮೊದಲು."

ಹಿಂದಿನ ಸಾಲಿನಲ್ಲಿ ಒಬ್ಬ ನಕ್ಕ. ನಾಗಪುರದ ಕಳಮನಾ ಮಾರುಕಟ್ಟೆಯಲ್ಲಿ ಕಿತ್ತಳೆ, ಈರುಳ್ಳಿ ಮೂಟೆಗಳನ್ನು ತೂಕ ಹಾಕುವ ಕಾಟಾ ನೋಡಿಕೊಳ್ಳುತ್ತಿದ್ದ ಮರಾಠಿ ಹುಡುಗ, ನನಗಿಂತ ಮೂರು ವರ್ಷ ದೊಡ್ಡವನು. ಅವನೂ ನಮ್ಮ ಹಾಗೇ ಹುಟ್ಟಿದವನು, ಅಜ್ಜಿ ಸಾಕಿದವನು. ಸಭೆ ಮುಗಿದ ಮೇಲೆ ಬಂದು, "ನೀನು ಮಾತಾಡಿದ್ದು ಬರೋಬರ್, ಆದರೆ ದನಿ ಜಾಸ್ತಿ" ಅಂದ. ದನಿಗೂ ತರ್ಕಕ್ಕೂ ಏನು ಸಂಬಂಧ ಅಂತ ನಾನು ಬಸ್ ಸ್ಟಾಪಿನವರೆಗೂ ವಾದಿಸಿದೆ. ಮರುವರ್ಷ ಅವನ ಅಜ್ಜಿ ತೀರಿಕೊಂಡಳು. ಅದಾಗಿ ಕೆಲವು ತಿಂಗಳಿಗೆ ನಾವು ರಿಜಿಸ್ಟರ್ ಮದುವೆಯಾದೆವು. ನನಗೆ ಆಗ ಹತ್ತೊಂಬತ್ತು. ಇಷ್ಟು ಬೇಗ ಯಾಕೆ ಅಂತ ಕೇಳಿದವರಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರವಿಲ್ಲದೆ ನಾನು ಮಾಡಿದ ಕೆಲಸಗಳು ಕಡಿಮೆ, ಅದರಲ್ಲಿ ಇದೊಂದು.

ಮಗುವಿನ ಮಾತು ಬಿ.ಎ. ಮುಗಿದ ಮೇಲೆ ಅಂತ ಇಬ್ಬರೂ ಒಪ್ಪಿದ್ದೆವು. ಪರೀಕ್ಷೆ ಮುಗಿಸಿಕೊಂಡು ಕಾಪರ್-ಟಿ ಹಾಕಿಸಿಕೊಳ್ಳುವುದು ಅಂತಲೂ ಇತ್ತು. ಅಷ್ಟರಲ್ಲಿ ಕಾಂಡೋಮ್ ಒಮ್ಮೆ ಕೈಕೊಟ್ಟಿತು, ತಿಂಗಳು ನಿಂತಿತು. ಡಾಕ್ಟರು ಬಯ್ಯಲಿಲ್ಲ. ಇಟ್ಟುಕೊಳ್ಳುವುದೂ ಬಿಡುವುದೂ ನಿಮಗೆ ಸೇರಿದ್ದು, ಯೋಚಿಸಲು ಸಮಯ ಇದೆ ಅಂದರು. ಆಸ್ಪತ್ರೆಯ ಕಾರಿಡಾರಿನಲ್ಲಿ ನಾನು ಪರವಾಗಿ ಮಾತಾಡಿದೆ, ಆಮೇಲೆ ವಿರೋಧವಾಗಿಯೂ ಮಾತಾಡಿದೆ. ಗಂಡ ಗೋಡೆಗೊರಗಿ ಎರಡನ್ನೂ ಕೇಳಿಸಿಕೊಂಡ.

"ನೀನೂ ಏನಾದ್ರೂ ಹೇಳು."

"ನಾನು ತೂಗೋನು. ಗೋಣಿ ತುಂಬೋದು ನೀನು. ಕಾಟಾ ಎಲ್ಲಿ ನಿಂತಿದೆ ಅಂತ ನಿನಗೇ ಕಾಣ್ತಿರಬೇಕಲ್ಲ?"

ಕಾಣುತ್ತಿತ್ತು. ಮಗು ನನಗೆ ಬೇಕಿತ್ತು. ನನ್ನ ವಾದ ನಿಂತಿದ್ದು ಒಂದೇ ಕಾಲಿನ ಮೇಲೆ: ವರ್ಷಗಳಿಂದ ನನ್ನ ರಕ್ತದಲ್ಲಿ ವೈರಸ್ ಮಷೀನಿಗೆ ಕಂಡಿಲ್ಲ, ಇನ್ನೂ ಒಂಬತ್ತು ತಿಂಗಳು ಕಾಣದಿದ್ದರೆ ಸಾಕು. ಆ ಕಾಲು ಗಟ್ಟಿ ಅಂತ ನನಗೆ ಪೂರಾ ಭರವಸೆ ಇತ್ತು.

ಏಳನೇ ತಿಂಗಳಿಗೆ ಅವ್ವ ನನ್ನನ್ನು ತನ್ನ ರೈಲ್ವೆ ಕ್ವಾರ್ಟರ್ಸಿಗೆ ಕರೆದುಕೊಂಡು ಬಂದಳು. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ನಾಗಪುರಕ್ಕೆ ಬಂದವರು. ನಾನು ಮೂರು ವರ್ಷದವಳಿದ್ದಾಗ ತೀರಿಹೋದರು. ಅವರ ಬದಲಿಗೆ ಅವ್ವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಕ್ವಾರ್ಟರ್ಸ್ ಸಿಕ್ಕಿತು. ಅಪ್ಪನಿಂದ ಬಂದ ರೋಗವೂ ಉಳಿಯಿತು. ಅದರ ಸುದ್ದಿ ನಮ್ಮ ಬಳಗದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವ್ವ ತನ್ನ ಗುಳಿಗೆಯನ್ನು ಆಫೀಸಿನಲ್ಲಿ, ಊಟದ ಡಬ್ಬಿ ತೊಳೆಯುವ ಹೊತ್ತಿಗೆ ನುಂಗುತ್ತಿದ್ದಳು.

ನನ್ನ ಸೀಮಂತದ ಕುಬಸಕ್ಕೆ ಹುಬ್ಬಳ್ಳಿಯಿಂದ ದೊಡ್ಡವ್ವ ಬಂದಳು. ಅವ್ವನ ಒಬ್ಬಳೇ ಅಕ್ಕ. ಇಬ್ಬರ ನಡುವೆ ಹದಿನಾರು ವರ್ಷ ಮಾತಿರಲಿಲ್ಲ, ಕುಬಸದ ನೆಪದಲ್ಲಿ ಅವ್ವನೇ ಫೋನ್ ಮಾಡಿ ಕರೆದಿದ್ದಳು. ಮಾತು ಬಿಟ್ಟದ್ದಕ್ಕೆ ಕಾರಣ, ನನ್ನ ಕಿವಿ. ನನಗೆ ನಾಲ್ಕು ವರ್ಷವಿದ್ದಾಗ ದೊಡ್ಡವ್ವ ಒಂದೇ ನಮೂನೆಯ ಎರಡು ಜೊತೆ ಬಂಗಾರದ ರಿಂಗು ಮಾಡಿಸಿ, ಪತ್ತಾರನನ್ನು ಮನೆಗೇ ಕರೆಸಿ, ತನ್ನ ಮಗಳಿಗೂ ನನಗೂ ಒಟ್ಟಿಗೇ ಕಿವಿ ಚುಚ್ಚಿಸಲು ಕೂತಿದ್ದಳಂತೆ. ಮೊದಲ ಪಾಳಿ ನನ್ನದು. ಪತ್ತಾರ ಸೂಜಿ ಎತ್ತುತ್ತಿದ್ದಂತೆ ಅವ್ವ ನನ್ನನ್ನು ಎತ್ತಿಕೊಂಡು ಎದ್ದವಳು ಸೀದಾ ಸ್ಟೇಷನ್ನಿಗೆ ನಡೆದಳು. ತಂದ ರಿಂಗು ಸಣ್ಣದಾಯಿತು ಅಂತ ಸೊಕ್ಕು ಮಾಡಿ ಹೋದಳು, ರೈಲ್ವೆ ಪಗಾರ ತಲೆಗೇರಿದೆ ಅಂತ ದೊಡ್ಡವ್ವ ಅರ್ಥ ಮಾಡಿಕೊಂಡಳು.

ನಾನು ಬೇರೆಯೇ ಅರ್ಥ ಮಾಡಿಕೊಂಡಿದ್ದೆ. ನನ್ನವ್ವ ಇಂಥ ಪದ್ಧತಿಗಳನ್ನು ನಂಬದವಳು ಅಂತ. ಬೋಳು ಕಿವಿಯನ್ನೇ ಹಿಡಿದು ಕಾಲೇಜಿನಲ್ಲಿ, ಹೆಣ್ಣುಮಕ್ಕಳ ಮೈಗೆ ತೂತು ಯಾಕೆ ಅಂತ ಮರಾಠಿಯಲ್ಲಿ ಭಾಷಣ ಮಾಡಿ ಬಹುಮಾನದ ಕಪ್ಪನ್ನೂ ತಂದಿದ್ದೆ. ಅವ್ವ ಅದನ್ನು ಒರೆಸಿ ಟಿವಿಯ ಪಕ್ಕ ಇಟ್ಟಿದ್ದಳು.

ಕುಬಸದ ದಿನ ಹಸಿರು ಸೀರೆ, ಕೈತುಂಬ ಹಸಿರು ಬಳೆ. ಆರತಿ ಎತ್ತಿದ ದೊಡ್ಡವ್ವನ ಕಣ್ಣು ಕಿವಿಯ ಮೇಲೇ ನಿಂತಿತು.

"ಎಲ್ಲಾ ಐತಿ, ಕಿವಿ ಮಾತ್ರ ಬೋಳ ಐತಿ. ಕೆಲವ್ರಿಗೆ ನಮ್ಮ ಬಂಗಾರ ಹಿಡಿಸಲಿಲ್ಲ."

ಅವ್ವ ಎಲ್ಲರ ತಾಟಿಗೆ ಇನ್ನೊಂದು ಹೋಳಿಗೆ ಹಾಕುತ್ತ ಹೋದಳು.

ಚುಚ್ಚುಮಾತು ಆಡಿದರೂ ದೊಡ್ಡವ್ವ ಊರಿಗೆ ಹೋಗಲಿಲ್ಲ. ಬಾಣಂತನ ಮುಗಿಸಿಯೇ ಹೋಗುತ್ತೇನೆ, ನಿಮ್ಮವ್ವಗ ಏನ ಬರತೈತಿ ಅಂತ ಉಳಿದಳು. ಇರುವುದು ಒಂದೇ ಕೋಣೆ. ನಾನು ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದ ಬಿಳಿ ಗುಳಿಗೆ ಈಗ ಅವಳ ಕಣ್ಣೆದುರಿಗೇ ಆಗಬೇಕು. ಅವ್ವ ಉಪಾಯ ಮಾಡಿದಳು. ಆಸ್ಪತ್ರೆಯವರು ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಇದ್ದವಲ್ಲ, ಅವುಗಳ ಡಬ್ಬಿಗೇ ಅದನ್ನೂ ಸುರಿದಳು. ಇಷ್ಟು ವರ್ಷ ಕದ್ದು ನುಂಗಿದ್ದು ಇನ್ನು ಬಯಲಿನಲ್ಲೇ. ಬಸುರಿ ಹುಡುಗಿ ಗುಳಿಗೆ ನುಂಗಿದರೆ ಯಾರು ಕೇಳುತ್ತಾರೆ? ನನಗೂ ಭಾರಿ ಜಾಣತನ ಅನ್ನಿಸಿತು.

ದೊಡ್ಡವ್ವ ಆ ಡಬ್ಬಿಯ ಕಾರಭಾರ ತಾನೇ ವಹಿಸಿಕೊಂಡಳು. ಮುಂಜಾನೆ ಮುಖ ತೊಳೆಯುವಷ್ಟರಲ್ಲಿ ಅಂಗೈಯಲ್ಲಿ ಮೂರು ಗುಳಿಗೆ, ಇನ್ನೊಂದು ಕೈಯಲ್ಲಿ ಹಾಲು.

"ಬಾಯಿ ತಗಿ. ಹಾಂ, ನುಂಗು. ನಾಲಿಗಿ ತೋರ್ಸು."

"ದೊಡ್ಡವ್ವ, ನಾನೇನು ಸಣ್ಣ ಹುಡುಗಿನಾ?"

"ಸಣ್ಣ ಹುಡುಗ್ಯಾರು ಸುಳ್ಳ ಹೇಳಂಗಿಲ್ಲ. ತೋರ್ಸು."

ಎಂಟನೇ ತಿಂಗಳು ತುಂಬುವಾಗ ಮತ್ತೆ ವೈರಲ್ ಲೋಡ್ ಪರೀಕ್ಷೆಗೆ ರಕ್ತ ಕೊಟ್ಟೆ. ಫಲಿತಾಂಶದ ದಿನ ಅವ್ವ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರು ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, ಮತ್ತೆ ಕಂಪ್ಯೂಟರ್ ನೋಡಿದರು.

"ವೈರಸ್ ಕಾಣಿಸಿಕೊಂಡಿದೆ. ಎಷ್ಟು ಗುಳಿಗೆ ಬಿಟ್ಟೆ?"

"ಒಂದೂ ಬಿಟ್ಟಿಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ."

"ಎಲ್ಲರೂ ಸುಳ್ಳು ಹೇಳಿರಬಹುದು. ಅದರಿಂದ ನಾನೂ ಹೇಳ್ತಿದ್ದೀನಿ ಅಂತ ಸಾಬೀತಾಗೋದಿಲ್ಲ. ನಮ್ಮ ದೊಡ್ಡವ್ವ ದಿನಾ ನನ್ನ ನಾಲಿಗೆ ನೋಡ್ತಾಳೆ, ಬೇಕಾದರೆ ಸಾಕ್ಷಿಗೆ ಕರೆಸಿ."

ಬಾಯಿ ಮಾತಾಡುತ್ತಿತ್ತು. ಕೈ ಹೊಟ್ಟೆಯ ಮೇಲಿತ್ತು. ಒಳಗೆ ಅದು ಒದೆಯುತ್ತಿತ್ತು, ಅದಕ್ಕೆ ಇದೇನೂ ಗೊತ್ತಿರಲಿಲ್ಲ. ನನ್ನ ಇಡೀ ವಾದ ನಿಂತಿದ್ದ ಆ ಒಂದು ಕಾಲು ಮುರಿದಿತ್ತು. ಎಲ್ಲಿ ಮುರಿಯಿತು ಅಂತಲೂ ತಿಳಿದಿರಲಿಲ್ಲ.

ಮೇಡಂ ಪಕ್ಕದ ಕುರ್ಚಿಯಿಂದ ಮೆಲ್ಲಗೆ ಅಂದರು, "ಸರಿ. ಯಾವಾಗ, ಹೇಗೆ ನುಂಗ್ತೀಯ, ಅದನ್ನ ಹೇಳು."

ಹೇಳಿದೆ. ಖಾಲಿ ಹೊಟ್ಟೆ, ಹಾಲು, ಮೂರೂ ಒಂದೇ ಗುಟುಕಿಗೆ ಅನ್ನುವಷ್ಟರಲ್ಲಿ ಡಾಕ್ಟರು ಕನ್ನಡಕ ತೆಗೆದರು.

"ಮೂರೂ ಒಟ್ಟಿಗೆ? ಯಾರು ಹೇಳಿದ್ದು ಹಾಗೆ ತಗೋ ಅಂತ?"

"ಯಾರೂ ಹೇಳಲಿಲ್ಲ. ಬಚ್ಚಿಡಲಿಕ್ಕೆ."

ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಆ ಬಿಳಿ ಗುಳಿಗೆಯ ಮದ್ದನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಬಿಡುತ್ತವಂತೆ, ರಕ್ತಕ್ಕೆ ಬೇಕಾದಷ್ಟು ಹೋಗಲು ಬಿಡುವುದಿಲ್ಲವಂತೆ. ನಾನು ದಿನಾ ಮದ್ದು ನುಂಗುತ್ತಿದ್ದೆ, ಮದ್ದು ಪೂರ್ತಿ ಸಿಗುತ್ತಿರಲಿಲ್ಲ. ಇನ್ನು ಮೇಲೆ ಅದೊಂದನ್ನೇ ರಾತ್ರಿ ಊಟದ ಮೇಲೆ, ಉಳಿದವನ್ನು ಹಗಲಿನಲ್ಲಿ ಬೇರೆ ಬೇರೆ ಹೊತ್ತಿಗೆ. ಹೆರಿಗೆಗೆ ಮುಂಚೆ ಇನ್ನೊಮ್ಮೆ ರಕ್ತ ನೋಡೋಣ, ಇಳಿಯಬೇಕು, ಇಳಿಯದಿದ್ದರೆ ಮಗುವಿಗೆ ಮದ್ದು ಹೆಚ್ಚು ಮಾಡೋಣ ಅಂದರು. 'ಇಳಿಯಬೇಕು' ಅಂತಷ್ಟೇ ಅಂದರು, 'ಇಳಿಯುತ್ತದೆ' ಅನ್ನಲಿಲ್ಲ. ಇಂಥ ವ್ಯತ್ಯಾಸ ನನ್ನ ಕಿವಿಗೆ ತಪ್ಪುವುದಿಲ್ಲ.

ವಾಪಸು ಬರುವಾಗ ಆಟೋದಲ್ಲಿ ಅವ್ವ ಆಸ್ಪತ್ರೆಯ ಚೀಟಿಯನ್ನು ಸಣ್ಣದಾಗಿ ಮಡಿಸಿ ಪರ್ಸಿನ ತಳಕ್ಕೆ ಸೇರಿಸಿದಳು. ಆಮೇಲೆ ಅಂದಳು, "ಅಕ್ಕಗ ಥೈರಾಯ್ಡ್ ಗುಳಿಗಿ ಅಂತ ಹೇಳೋಣು. ಅದನ್ನೂ ಬ್ಯಾರೇನ ತಗೋಬೇಕಂತಾರ."

ನ್ಯಾಯವಾಗಿ ನೋಡಿದರೆ ಸುಳ್ಳು ಚೆನ್ನಾಗಿತ್ತು. ನಮ್ಮ ಚರ್ಚಾ ತಂಡದಲ್ಲಿ ಯಾರಾದರೂ ಇಷ್ಟು ಬೇಗ ಇಷ್ಟು ಒಳ್ಳೆಯ ಉತ್ತರ ಹುಟ್ಟಿಸಿದ್ದರೆ ನಾನೇ ಬೆನ್ನು ತಟ್ಟುತ್ತಿದ್ದೆ.

"ಆಮೇಲೆ ಕೂಸಿಗೆ ಸಿರಪ್ ಹಾಕಬೇಕಲ್ಲ ಅವ್ವ? ಎರೆಯೋಳು ಯಾರು, ಮಲಗಿಸೋಳು ಯಾರು, ದೊಡ್ಡವ್ವನೇ ಅಲ್ಲ? ನನ್ನ ಥೈರಾಯ್ಡಿಗೆ ಕೂಸಿಗ್ಯಾಕ ಔಷಧ ಅಂತ ಕೇಳಿದರೆ? ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೀತಾರೆ, ಅದಕ್ಕೆ ಏನು ಹೇಳ್ತಿ? ಇವತ್ತು ಹೀಗಾಗಿದ್ದೇ ಬಚ್ಚಿಟ್ಟಿದ್ದಕ್ಕೆ."

"ನಿಂಗೇನವಾ, ವಾದ ಗೆದ್ದು ಗಂಡನ ಮನಿಗೆ ಹೋಗ್ತಿ. ಈ ಸಲ ಆಕಿ ಎದ್ದು ಹೋದ್ರ ಇನ್ನ ಹದಿನಾರು ವರ್ಷ ಒಬ್ಬಾಕಿನ ಕುಂಡ್ರಾಕಿ ನಾ."

ನನ್ನ ಗುಟ್ಟು ಹೇಳಿದರೆ ಅವಳದೂ ಹೇಳಿದ ಹಾಗೆ. ಅವಳು ಬೇಡ ಅಂದರೆ ಬೇಡ, ಥೈರಾಯ್ಡೇ ಸರಿ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಕ್ವಾರ್ಟರ್ಸಿನ ಗೇಟಿನ ಮುಂದೆ ಆಟೋ ನಿಂತಿತು. ಅವ್ವ ಇಳಿದು, ಸೆರಗು ಸರಿ ಮಾಡಿಕೊಂಡು ಅಂದಳು, "ನೀ ಬಾಯಿ ಹಾಕಬ್ಯಾಡ. ನಾ ಹೇಳ್ತೇನಿ."

ದೊಡ್ಡವ್ವ ನೆಲದ ಮೇಲೆ ಪೇಪರ್ ಹಾಸಿಕೊಂಡು ಮೆಂತೆಪಲ್ಲೆ ಸೋಸುತ್ತಿದ್ದಳು. ಅವ್ವ ಚಪ್ಪಲಿ ಬಿಟ್ಟವಳು ಕೂಡಲೂ ಇಲ್ಲ.

"ಅಕ್ಕಾ, ಇಕಿ ಅಪ್ಪ ಬರೇ ಟಿಬಿಯಿಂದ ಸತ್ತಿದ್ದಲ್ಲ. ಅವರಿಗೆ ಎಚ್‌ಐವಿ ಇತ್ತು. ನನಗೂ ಐತಿ. ಇಕಿಗೂ ಹುಟ್ಟಿದಾಗಿಂದ ಐತಿ. ನೀ ದಿನಾ ಕೊಡ್ತಿಯಲ್ಲ, ಆ ಬಿಳಿ ಗುಳಿಗಿ ಅದರದು. ಅದನ್ನ ಬ್ಯಾರೆ ಕೊಡಬೇಕಂತ."

ದೊಡ್ಡವ್ವನ ಕೈ ನಿಂತಿತು. ಅವಳ ಮೊದಲ ಮಾತು ಚೆನ್ನಾಗಿರಲಿಲ್ಲ.

"ನಿನ್ನೆ ಇಕಿ ಬಿಟ್ಟ ರೊಟ್ಟಿ ನಾ ತಿಂದೆ."

"ರೊಟ್ಟಿಯಿಂದ ಬರೋದಿಲ್ಲ ದೊಡ್ಡವ್ವ, ತಾಟಿನಿಂದಲೂ ಬರೋದಿಲ್ಲ, ಅದು..."

"ನಿನ್ನ ಭಾಷಣ ಆಮ್ಯಾಲೆ." ನನ್ನ ಕಡೆ ನೋಡಲಿಲ್ಲ. ಅವ್ವನನ್ನೇ ನೋಡುತ್ತಿದ್ದಳು. ಮುಖದಲ್ಲಿ ನೆನಪು ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದುದು ಕಾಣುತ್ತಿತ್ತು. "ಅವತ್ತ, ಪತ್ತಾರ ಬಂದಾಗ... ನಿನಗ ಗೊತ್ತಿತ್ತ?"

"ಗೊತ್ತಾಗಿ ಸ್ವಲ್ಪ ದಿನಾ ಆಗಿತ್ತು. ಅವನ ಕೈಯಾಗ ಇದ್ದಿದ್ದು ಒಂದ ಸೂಜಿ ಅಕ್ಕಾ. ಮದಲ ಇಕಿಗೆ, ಆಮ್ಯಾಲೆ ನಿನ್ನ ಮಗಳಿಗೆ."

ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಬಹುಮಾನದ ಕಪ್ಪು ಟಿವಿಯ ಪಕ್ಕದಲ್ಲೇ ಇತ್ತು.

ಆಮೇಲೆ ದೊಡ್ಡವ್ವ ಒಮ್ಮೆಲೇ ಸಿಡಿದಳು. "ಅಲ್ಲಲೇ ಹುಚ್ಚಿ, ಮದಲ ಅಕ್ಕನ ಮಗಳಿಗೆ ಚುಚ್ಚು ಅಂದಿದ್ರ ಮುಗೀತಿತ್ತಲ್ಲ!"

ಚರ್ಚೆಯ ದೃಷ್ಟಿಯಿಂದ ಅದು ಬಹಳ ಗಟ್ಟಿ ಅಂಶ. ಹದಿನಾರು ವರ್ಷದಲ್ಲಿ ಅವ್ವನಿಗೆ ಅದು ಹೊಳೆದೇ ಇರಲಿಲ್ಲ ಅನ್ನುವುದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ತಲಿ ಓಡಲಿಲ್ಲ ಅಕ್ಕಾ. ನಾನ ಓಡಿದೆ."

ದೊಡ್ಡವ್ವ ನಗಲು ಶುರು ಮಾಡಿ, ನಡುವೆ ಅಳಲು ಶುರು ಮಾಡಿ, ಕಡೆಗೆ ಬಯ್ಯತೊಡಗಿದಳು. "ನಿನ್ನ ಸೊಕ್ಕಿನಾಕಿ, ಸೊಕ್ಕಿನಾಕಿ ಅಂತ ಓಣಿ ಓಣಿ ಹೇಳ್ಕೊಂತ ತಿರಗೇನಿ. ಈಗ ಅವರಿಗೆಲ್ಲಾ ಏನಂತ ಹೇಳ್ಲಿ ನಾ?"

"ಏನೂ ಹೇಳಬ್ಯಾಡ. ಸೊಕ್ಕಿನಾಕಿ ಅಂತನ ಇರ್ಲಿ."

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ನಾನು ಬರೆಯುವುದಿಲ್ಲ. ಒಂದೆರಡು ದಿನ ದೊಡ್ಡವ್ವ ನನ್ನ ಜಡೆ ಹೆಣೆಯಲಿಲ್ಲ. ಅವಳ ಲೋಟ ಬೇರೆ ಗೂಡಿಗೆ ಹೋಗಿತ್ತು. ನಾನು ನೋಡಿದೆ, ನೋಡಿದ್ದು ಅವಳಿಗೂ ತಿಳಿಯಿತು. ಆದರೆ ರಾತ್ರಿ ಊಟವಾದ ಕೂಡಲೇ ಬಿಳಿ ಗುಳಿಗೆ ಮಾತ್ರ ನೀರಿನ ಜೊತೆ ನನ್ನ ಮುಂದೆ ಬರುತ್ತಿತ್ತು. ಮುಂದಿನ ಸಲ ಆಸ್ಪತ್ರೆಗೆ ತಾನೂ ಬರುತ್ತೇನೆ ಅಂದಳು. ಬಂದವಳು ಮೇಡಂ ಮುಂದೆ ಕೂತು, ತನ್ನ ಹುಬ್ಬಳ್ಳಿ ಹಿಂದಿಯಲ್ಲಿ ಒಂದೊಂದಾಗಿ ಕೇಳಿದಳು. ಒಂದೇ ತಾಟು? ಒಂದೇ ಹಾಸಿಗೆ? ಜಡೆ ಹೆಣೆಯುವಾಗ ಹೇನು ಬಂದರೆ? ಸೊಳ್ಳೆ ಅವಳಿಗೆ ಕಚ್ಚಿ ನನಗೆ ಕಚ್ಚಿದರೆ? ಕೂಸಿಗೆ ಎಣ್ಣೆ ಹಚ್ಚುವಾಗ ನನ್ನ ಕೈಯಲ್ಲಿ ಗಾಯ ಇದ್ದರೆ? ಪ್ರತಿ ಉತ್ತರಕ್ಕೂ, "ಪಕ್ಕಾ? ನೀವು ನಿಮ್ಮ ಮನ್ಯಾಗ ಹಿಂಗ ಮಾಡ್ತೀರಿ?" ಅಂತ ಮರುಪ್ರಶ್ನೆ ಹಾಕಿದಳು. ನನ್ನ ವಾದದ ಬುದ್ಧಿ ಎಲ್ಲಿಂದ ಬಂತು ಅಂತ ಅಂದು ತಿಳಿಯಿತು. ಮೇಡಂ ನೀರು ಕುಡಿದು ನನ್ನ ಕಡೆ ನೋಡಿದರು, "ಇವರ ಮುಂದೆ ನೀನು ಪಾಪ."

ಮನೆಗೆ ಬಂದು ದೊಡ್ಡವ್ವ ಲೋಟವನ್ನು ಹಳೆಯ ಜಾಗಕ್ಕೆ ಇಟ್ಟಳು. "ಬಾ ಇಲ್ಲೆ, ಕೂದ್ಲ ನೋಡು, ಗುಬ್ಬಿಗೂಡಾಗೇತಿ."

ಹೆರಿಗೆಗೆ ಸ್ವಲ್ಪ ಮುಂಚೆ ಮತ್ತೆ ರಕ್ತ ನೋಡಿದರು. ಡಾಕ್ಟರು ಕಂಪ್ಯೂಟರನ್ನು ನನ್ನ ಕಡೆಗೇ ತಿರುಗಿಸಿ, "ಕಾಣಿಸ್ತಿಲ್ಲ. ನೀನೇ ಓದು, ನನ್ನ ಮಾತು ನೀನು ನಂಬೋದಿಲ್ಲ" ಅಂದರು. ಓದಿದೆ. ಎರಡು ಸಲ. ಮಗಳು ಹುಟ್ಟಿದಳು. ಮನೆಗೆ ಬಿಡುವ ಮುಂಚೆ ಕಾಪರ್-ಟಿ ಹಾಕಿಸಿಕೊಂಡೆ. "ಯೋಜನೆ ಎಲ್ಲಿದೆ ಅಂತ ಈಗ ಕೇಳು ನೋಡೋಣ" ಅಂತ ಮೇಡಂ ಕೆಣಕಿದರು. ಬಿ.ಎ. ಮುಗಿಯುವವರೆಗೆ ಇದೇ ಯೋಜನೆ ಅಂದೆ. ಸಿರಪ್ಪನ್ನು ದೊಡ್ಡವ್ವ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು, ಮಗುವಿನ ಕೆನ್ನೆಯ ಒಳಗೆ ಬಿಡುತ್ತಿದ್ದಳು. ಅದರ ನಾಲಿಗೆಯನ್ನೂ ನೋಡುತ್ತಿದ್ದಳು.

ಆರನೇ ವಾರದ ಪರೀಕ್ಷೆಯ ಉತ್ತರ ಬರುವವರೆಗೆ ಮನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಜಗಳವಾಡಿದೆವು, ಆ ಒಂದು ವಿಷಯ ಬಿಟ್ಟು. ನೆಗೆಟಿವ್ ಅಂತ ಫೋನ್ ಬಂದಾಗ ಗಂಡ ಕಾಟಾದ ಮುಂದಿದ್ದ. ಆ ಹೊತ್ತಿಗೆ ತೂಗಿದ ಗೋಣಿಯನ್ನು ಮತ್ತೆ ತೂಗಬೇಕಾಯಿತಂತೆ. ಆದರೂ ಕೊನೆಯ ಪರೀಕ್ಷೆ ಇರುವುದು ಮಗುವಿಗೆ ಒಂದೂವರೆ ವರ್ಷವಾದಾಗ. ನಡುವಿನದೆಲ್ಲ ಒಳ್ಳೆಯದೇ ಬಂತು. ಅವ್ವ ಮಾತ್ರ ಮೊಮ್ಮಗಳ ಕಿವಿಗೆ ಸೂಜಿ ತಾಗಿಸಲು ಒಪ್ಪಲಿಲ್ಲ. "ಕಡೀದು ಬರ್ಲಿ."

ಕಡೆಯದು ಹೋದ ತಿಂಗಳು ಬಂತು. ಈ ಸಲ ನಾನು ಒಂದೇ ಸಲ ಓದಿದೆ. ದೊಡ್ಡವ್ವ ಮರುದಿನದ ರೈಲಿಗೇ ಹುಬ್ಬಳ್ಳಿಯಿಂದ ಹೊರಟಳು. ಬಂದವಳು ಸೊಂಟದ ಚೀಲದಿಂದ ಒಂದು ಗುಲಾಬಿ ಕಾಗದದ ಪೊಟ್ಟಣ ತೆಗೆದಳು. ಹದಿನೆಂಟು ವರ್ಷದ ಹಿಂದಿನ ನನ್ನ ರಿಂಗು.

"ಕೂಸಿಗೆ ತಂದ್ಯಾ?" ಅಂತ ಅವ್ವ ಕೇಳಿದಳು.

"ಕೂಸಿಂದು ಹೊಸಾದು ತಗೋಳೋಣು. ಇದು ಇಕಿದು."

ಸದರ್ ಬಜಾರಿನ ಬಂಗಾರದ ಅಂಗಡಿಗೆ ಹೋದೆವು. ಚುಚ್ಚುವವನಿಗೆ ನಾನು ಪ್ರಶ್ನೆ ಹಾಕಿದೆ: ಸೂಜಿಯ ಪ್ಯಾಕೆಟ್ ಹೊಸದೇ? ಒಬ್ಬರಿಗೆ ಒಂದೇ? ಬಳಸಿದ್ದನ್ನು ಎಲ್ಲಿ ಹಾಕುತ್ತೀರಿ? ಅವನು ಸೀಲ್ ಒಡೆಯದ ಎರಡು ಪ್ಯಾಕೆಟ್ ತೋರಿಸಿ, ಮುಚ್ಚಳದ ಡಬ್ಬಿ ತೋರಿಸಿ, "ಮೊದಲು ಯಾರು?" ಅಂದ.

"ಮೊದಲು ಮಗಳು" ಅಂದೆ. ಇಬ್ಬರಿಗೂ ಬೇರೆ ಬೇರೆ ಹೊಸ ಸೂಜಿ ಇದ್ದರೂ ಹಾಗೇ ಅಂದೆ. ದೊಡ್ಡವ್ವ ಅವ್ವನ ಕಡೆ ನೋಡಿದಳು, ಅವ್ವ ಅವಳ ಕಡೆ ನೋಡಲಿಲ್ಲ. ಮಗಳು ಅಜ್ಜಿಯ ತೊಡೆಯ ಮೇಲೆ ಕೂತು ಅಂಗಡಿ ಹಾರಿಹೋಗುವಂತೆ ಕಿರುಚಿದಳು. ಅವ್ವ ಅವಳನ್ನು ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದಳು.

ಆಮೇಲೆ ನನ್ನ ಪಾಳಿ. ಈ ಪದ್ಧತಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಇದು ಬೇರೆ ವಿಷಯ, ಇದನ್ನು ಇಡೀ ಹೆಣ್ಣುಕುಲಕ್ಕೆ ಹಚ್ಚಬಾರದು ಅಂತ ನಾನು ವಿವರಿಸುತ್ತಿದ್ದೆ.

"ಕಿವಿ ಅಲ್ಲಾಡಸಬ್ಯಾಡ" ಅಂದಳು ದೊಡ್ಡವ್ವ, ನನ್ನ ತಲೆ ಹಿಡಿದುಕೊಂಡು. "ಬಾಯಿ ಮುಚ್ಚಿದ್ರ ಕಿವಿ ತಾನ ನಿಲ್ಲತೈತಿ."